ಪುಟ್ಟಿ, ಮೊದಲು ಬಾಯಿ ಪೂರ್ತಿ ನೋಡು

ಸಾಗರ

ಪ್ರೀತಿಯ ಪುಟ್ಟಿ,

ನಿನಗೆ ಬಿಡಿಎಸ್ ಸೀಟು ಸಿಕ್ಕಿದೆ ಅಂತ ನಿನ್ನಮ್ಮ ಹೇಳಿದಳು. ಅದೂ ಬೆಂಗಳೂರಿನ ಸರ್ಕಾರಿ ದಂತ ವೈದ್ಯಕೀಯ ಕಾಲೇಜಿನಲ್ಲಿ. ಹಲ್ಲಿನ ಡಾಕ್ಟರಾಗಿರುವ ನನಗಂತೂ ಬಹಳ ಖುಷಿಯಾಯಿತು. ಆದರೆ ನೀನು ಮಂಕಾಗಿ ಕೂತಿದ್ದೀಯಂತೆ. ಮನೆಗೆ ಬಂದವರೆಲ್ಲ "ಅಯ್ಯೋ, ಬರೀ ಹಲ್ಲಿನ ಡಾಕ್ಟರಾ?" ಅಂತಿದ್ದಾರಂತೆ. ಇದನ್ನು ಬಿಟ್ಟು ಇನ್ನೊಂದು ವರ್ಷ ನೀಟ್ ಕೋಚಿಂಗ್ ಸೇರಲಾ ಅಂತಲೂ ಯೋಚಿಸುತ್ತಿದ್ದೀಯಂತೆ. ಫೋನ್ ಮಾಡಿದರೆ ನೀನು "ಹೂಂ ದೊಡ್ಡಮ್ಮ" ಅಂದುಬಿಡುತ್ತೀಯ, ಮಾತು ಅಲ್ಲಿಗೇ ಮುಗಿಯುತ್ತೆ. ಅದಕ್ಕೇ ಈ ಪತ್ರ.

ಆ ನಿರ್ಧಾರದ ಮಾತು ಮೊದಲು ಮುಗಿಸೋಣ. ಹೆರಿಗೆ ಮಾಡಿಸಬೇಕು, ಹೃದಯದ ಆಪರೇಷನ್ ಮಾಡಬೇಕು ಅನ್ನುವ ಆಸೆ ನಿಜವಾಗಿ ನಿನ್ನೊಳಗೆ ಇದ್ದರೆ ಇನ್ನೊಂದು ವರ್ಷ ಓದು. ಅದರಲ್ಲಿ ನಾಚಿಕೆಪಡುವಂಥದ್ದು ಏನೂ ಇಲ್ಲ. ನಿನ್ನಪ್ಪನ ಜೊತೆ ನಾನು ಮಾತಾಡುತ್ತೇನೆ. ಆದರೆ ನೆಂಟರ ಮಾತಿಗಾಗಿ ಮಾತ್ರ ಹೋಗಬೇಡ. ಒಂದು ಕಾಲು ದಂತ ಕಾಲೇಜಿನಲ್ಲಿ, ಇನ್ನೊಂದು ಕಾಲು ಕೋಚಿಂಗ್‌ನಲ್ಲಿ ಇಟ್ಟರೆ ಎರಡೂ ಕೆಡುತ್ತೆ. ಸೇರಿದರೆ ಪೂರ್ತಿ ಮನಸ್ಸಿಟ್ಟು ಸೇರು.

"ಬರೀ" ಅಂದವರಿಗೆ ನೀನು ಉತ್ತರ ಕೊಡಬೇಕಿಲ್ಲ. ನಿನಗೆ ಮಾತ್ರ ಇಷ್ಟು ಗೊತ್ತಿರಲಿ. 1844ರಲ್ಲಿ ಅಮೆರಿಕದ ಹಾರ್ಟ್‌ಫರ್ಡ್ ಊರಿನ ಹೊರೇಸ್ ವೆಲ್ಸ್ ಎಂಬ ದಂತವೈದ್ಯ ನೋವು ಮರೆಸುವ ನೈಟ್ರಸ್ ಆಕ್ಸೈಡ್ ಅನಿಲ ಉಸಿರಾಡಿ ತನ್ನದೇ ಹಲ್ಲು ಕೀಳಿಸಿಕೊಂಡು ನೋಡಿದ. 1846ರ ಅಕ್ಟೋಬರ್ 16ರಂದು ಬಾಸ್ಟನ್‌ನಲ್ಲಿ ವಿಲಿಯಂ ಮಾರ್ಟನ್ ರೋಗಿಗೆ ಈಥರ್ ಕೊಟ್ಟು, ನೋವಿಲ್ಲದೆ ಆಪರೇಷನ್ ಮಾಡಬಹುದು ಅಂತ ಎಲ್ಲರೆದುರು ತೋರಿಸಿದ. ಅವನೂ ಹಲ್ಲಿನ ಡಾಕ್ಟರೇ. ನಮ್ಮ ದೇಶದಲ್ಲಿ ಡಾ. ರಫೀಉದ್ದೀನ್ ಅಹ್ಮದ್ ಅಮೆರಿಕದಲ್ಲಿ ಓದಿ ಬಂದು 1920ರಲ್ಲಿ ಕಲ್ಕತ್ತಾದಲ್ಲಿ ಮೊದಲ ದಂತ ಕಾಲೇಜು ತೆರೆದರು. ದಂತವೈದ್ಯರ ಕಾಯ್ದೆ ಬಂದದ್ದು 1948ರಲ್ಲಿ. ವಿಕ್ಟೋರಿಯಾ ಆಸ್ಪತ್ರೆಯ ಪಕ್ಕ, ಕೋಟೆ ಹತ್ತಿರ ಇರುವ ನಿನ್ನ ಕಾಲೇಜು 1958ರದ್ದು. ಇವತ್ತು ರಾಜ್ಯದಲ್ಲಿ 40ಕ್ಕೂ ಹೆಚ್ಚು ದಂತ ಕಾಲೇಜುಗಳಿವೆ. ಅವುಗಳಲ್ಲಿ ಸರ್ಕಾರದ್ದು ಬೆರಳೆಣಿಕೆಯಷ್ಟು. ಅಲ್ಲಿ ಬೆಳಗ್ಗೆ ಒಪಿಡಿ ಬಾಗಿಲು ತೆಗೆಯುವ ಮೊದಲೇ ಜನ ಸಾಲು ನಿಂತಿರುತ್ತಾರೆ. ಅಷ್ಟು ಬಾಯಿಗಳನ್ನು ನೋಡುವ ಅವಕಾಶ ದುಡ್ಡು ಕೊಟ್ಟರೂ ಸಿಗುವುದಿಲ್ಲ.

ನಾಲ್ಕು ವರ್ಷ ಓದು, ಒಂದು ವರ್ಷ ಇಂಟರ್ನ್‌ಶಿಪ್. ಮೊದಲ ವರ್ಷ ಅನಾಟಮಿ, ಫಿಸಿಯಾಲಜಿ, ಬಯೋಕೆಮಿಸ್ಟ್ರಿ ಇರುತ್ತೆ. ಡಿಸೆಕ್ಷನ್ ಹಾಲ್ ವಾಸನೆಗೆ ಬೇಗ ಹೊಂದಿಕೊಳ್ಳುತ್ತೀಯ, ಹೆದರಬೇಡ. ಆದರೆ ತಲೆ ಮತ್ತು ಕತ್ತಿನ ಭಾಗವನ್ನು ಬರೀ ಕಂಠಪಾಠ ಮಾಡಬೇಡ, ಕೈಯಾರೆ ಬಿಡಿಸಿ ನೋಡು. ಮಿದುಳಿನ ಐದನೇ ನರ ಎಲ್ಲಿ ಹುಟ್ಟಿ, ಯಾವ ತೂತಿನಿಂದ ಹೊರಬಂದು, ಯಾವ ಹಲ್ಲಿಗೆ ಹೋಗುತ್ತೆ ಅಂತ ಕಣ್ಣು ಮುಚ್ಚಿದರೂ ಕಾಣಬೇಕು. ಮುಂದೆ ಕೆಳದವಡೆ ಮರಗಟ್ಟಿಸಲು ಸೂಜಿ ಹಾಕುವಾಗ ನಿನಗೆ ಕಾಣುವುದು ಬರೀ ಕೆನ್ನೆಯ ಒಳಚರ್ಮ. ಸೂಜಿಯ ತುದಿ ಎಲ್ಲಿದೆ ಅನ್ನುವುದು ನಿನ್ನ ತಲೆಯೊಳಗಿನ ಚಿತ್ರಕ್ಕೆ ಮಾತ್ರ ಗೊತ್ತಿರುತ್ತೆ.

ಇನ್ನೊಂದು ಕೆಲಸ ಮೇಣದಲ್ಲಿ ಹಲ್ಲು ಕೆತ್ತುವುದು. ಇದನ್ನು ಎಷ್ಟೋ ಹುಡುಗರು ಸುಮ್ನೆ ರೆಕಾರ್ಡಿಗೆ ಸಹಿ ಹಾಕಿಸಿಕೊಳ್ಳುವ ಕೆಲಸ ಅಂದುಕೊಳ್ಳುತ್ತಾರೆ. ಹಾಗಲ್ಲ ಪುಟ್ಟಿ. ಮೇಲಿನ ಮುಂಭಾಗದ ಬಾಚಿ ಹಲ್ಲನ್ನು ಒಮ್ಮೆ ಗಮನಿಸಿ ನೋಡು. ನಡುಗೆರೆಯ ಕಡೆಯ ಮೂಲೆ ನೇರವಾಗಿರುತ್ತೆ, ಆಚೆ ಕಡೆಯದ್ದು ಸ್ವಲ್ಪ ದುಂಡಗೆ. ಅಷ್ಟರಿಂದಲೇ ಬಿಡಿ ಹಲ್ಲು ಎಡದ್ದೋ ಬಲದ್ದೋ ಅಂತ ಹೇಳಬಹುದು. ಮೇಲಿನ ಮೊದಲ ದೊಡ್ಡ ದವಡೆ ಹಲ್ಲಿಗೆ ಸಾಮಾನ್ಯವಾಗಿ ಮೂರು ಬೇರು. ಆದರೆ ಮುಂದಿನ ಕೆನ್ನೆ ಕಡೆಯ ಬೇರಿನಲ್ಲಿ ಬಹಳ ಸಲ ನರ ಹಾಯುವ ಎರಡು ಕಾಲುವೆ ಇರುತ್ತೆ. ಆ ಎರಡನೆಯದು ಕೂದಲಿನಷ್ಟು ಸಣ್ಣ. ರೂಟ್ ಕೆನಾಲ್ ಮಾಡಿಸಿಕೊಂಡರೂ ನೋವು ಹೋಗಲಿಲ್ಲ ಅಂತ ಬರುವವರಲ್ಲಿ ಎಷ್ಟೋ ಸಲ ಅದೊಂದು ಉಳಿದುಬಿಟ್ಟಿರುತ್ತೆ. ಮೇಣ ಕೆತ್ತುವಾಗ ಕಣ್ಣು ಕಲಿಯುವುದು ಇದನ್ನೇ. ಎಲ್ಲಿ ಏನಿರಬೇಕು ಅಂತ ಗೊತ್ತಿದ್ದವರಿಗೆ ಮಾತ್ರ ಅಲ್ಲಿ ಇಲ್ಲದ್ದು ಕಾಣುತ್ತೆ.

ಎರಡನೇ ವರ್ಷ ಪ್ಲಾಸ್ಟರ್, ಮೇಣ, ಅಕ್ರಿಲಿಕ್, ಅಭ್ಯಾಸಕ್ಕೆ ಇಡುವ ಗೊಂಬೆ ತಲೆ. ಬೆರಳು ಸುಟ್ಟುಕೊಳ್ಳುತ್ತೀಯ, ಏಪ್ರನ್ ಹಾಳಾಗುತ್ತೆ. ಕನ್ನಡಿಯಲ್ಲಿ ನೋಡುತ್ತಾ ತಿರುಗುಮುರುಗಾಗಿ ಕೈ ಆಡಿಸುವುದನ್ನು ಅಲ್ಲೇ ಕಲಿತುಬಿಡು. ಮೊದಮೊದಲು ಸಿಟ್ಟು ಬರುತ್ತೆ. ಆದರೆ ಅದು ಬಾರದಿದ್ದರೆ ಆಮೇಲೆ ರೋಗಿಯ ಬಾಯಿಗೆ ಬಗ್ಗಿ ಬಗ್ಗಿ ಕತ್ತು, ಬೆನ್ನು ಎರಡೂ ಹೋಗುತ್ತೆ. ನಮ್ಮಲ್ಲಿ ಬೆನ್ನುನೋವಿಲ್ಲದ ಹಳೇ ಡಾಕ್ಟರು ಸಿಗುವುದು ಕಷ್ಟ.

ಮೂರನೇ ವರ್ಷದಲ್ಲಿ ಜನರಲ್ ಮೆಡಿಸಿನ್, ಜನರಲ್ ಸರ್ಜರಿ ಬರುತ್ತೆ. "ನಮಗ್ಯಾಕೆ ಇದು?" ಅಂತ ಪೋಸ್ಟಿಂಗ್ ತಪ್ಪಿಸಿ ಕ್ಯಾಂಟೀನಿಗೆ ಹೋಗುವವರು ಇರುತ್ತಾರೆ. ನೀನು ಹೋಗಬೇಡ. ನಾನು ಈ ಪತ್ರದಲ್ಲಿ ಮುಖ್ಯವಾಗಿ ಹೇಳಬೇಕು ಅಂದುಕೊಂಡದ್ದು ಇದನ್ನೇ. ರೋಗಿ ಒಂದು ಹಲ್ಲು ತೋರಿಸುತ್ತಾನೆ. ನೀನು ಆ ಹಲ್ಲನ್ನು ಕೊನೆಗೆ ನೋಡು. ಮೊದಲು ಮನುಷ್ಯನನ್ನು ನೋಡು, ಆಮೇಲೆ ಬಾಯಿ ಪೂರ್ತಿ ನೋಡು. ಅಂಗುಳ, ನಾಲಿಗೆಯ ಅಂಚು, ನಾಲಿಗೆಯ ಕೆಳಗೆ, ಎರಡೂ ಕೆನ್ನೆಯ ಒಳಗೆ, ವಸಡು. ಕತ್ತಿನಲ್ಲಿ ಗಂಟು ಸಿಗುತ್ತಾ ಅಂತ ಮುಟ್ಟಿ ನೋಡು. ಎರಡು ನಿಮಿಷ ಸಾಕು. ಎಷ್ಟೇ ರಶ್ ಇರಲಿ, ಆ ಎರಡು ನಿಮಿಷವನ್ನು ಬಿಡಬೇಡ.

ಯಾಕೆ ಅಂತ ಹೇಳುತ್ತೇನೆ. ವಸಡು ಉಬ್ಬಿ ಹಲ್ಲಿನ ಮೇಲೇ ಬಂದಿದೆ ಅಂತ ಒಬ್ಬರು ಬರುತ್ತಾರೆ. ಕ್ಲೀನಿಂಗ್ ಮಾಡಿ ಕಳಿಸಿದರೆ ಮತ್ತೆ ಉಬ್ಬುತ್ತೆ. ಕೇಳಿದರೆ ಬಿಪಿಗೆ ಆಮ್ಲೋಡಿಪಿನ್ ತಗೊಳ್ಳುತ್ತಿರುತ್ತಾರೆ, ಇಲ್ಲಾ ಫಿಟ್ಸ್‌ಗೆ ಫೆನಿಟಾಯಿನ್. ಆ ಮಾತ್ರೆಗಳು ಕೆಲವರಲ್ಲಿ ವಸಡನ್ನು ಬೆಳೆಸುತ್ತವೆ. ಇನ್ನೊಬ್ಬರಿಗೆ ಸ್ಟೆಂಟ್ ಹಾಕಿರುತ್ತೆ. "ಹಲ್ಲು ಕೀಳಿಸಬೇಕಲ್ಲ, ಅದಕ್ಕೇ ನಾಲ್ಕು ದಿನದಿಂದ ರಕ್ತ ತೆಳು ಮಾಡುವ ಮಾತ್ರೆ ಬಿಟ್ಟಿದ್ದೇನೆ" ಅಂತಾರೆ. ಅದು ಪ್ರಾಣಕ್ಕೇ ಅಪಾಯ. ಒಂದೆರಡು ಹಲ್ಲು ಕಿತ್ತರೆ ಬರುವ ರಕ್ತವನ್ನು ನಾವು ಅಲ್ಲೇ ಒತ್ತಿ, ಹೊಲಿಗೆ ಹಾಕಿ ನಿಲ್ಲಿಸಬಹುದು. ಮಾತ್ರೆ ಬಿಡುವುದೋ ಬೇಡವೋ ಅಂತ ಹೇಳಬೇಕಾದವರು ಅವರ ಹೃದಯದ ಡಾಕ್ಟರು. ಮೂಳೆ ಸವೆತಕ್ಕೆ, ಕ್ಯಾನ್ಸರಿಗೆ ಕೊಡುವ ಕೆಲವು ಇಂಜೆಕ್ಷನ್ ತಗೊಂಡವರ ಹಲ್ಲು ಕಿತ್ತರೆ ದವಡೆಯ ಮೂಳೆ ಮಾಯದೆ ಕೊಳೆಯಬಹುದು. ಸಕ್ಕರೆ ಕಾಯಿಲೆ ಹತೋಟಿಯಲ್ಲಿ ಇಲ್ಲದವರಿಗೆ ವಸಡು ಬೇಗ ಹಾಳಾಗುತ್ತೆ. ವಸಡಿನಲ್ಲಿ ಕೀವು ಇದ್ದರೆ ಸಕ್ಕರೆ ಇಳಿಸುವುದೂ ಕಷ್ಟ. ಇನ್ನು ಎಡಗಡೆ ಕೆಳದವಡೆ ನೋವು ಅಂತ ಬರುವವರು. ಹಲ್ಲುಗಳೆಲ್ಲ ಚೆನ್ನಾಗಿಯೇ ಇರುತ್ತವೆ. "ಯಾವಾಗ ನೋಯುತ್ತೆ?" ಅಂದರೆ "ದಿಬ್ಬ ಹತ್ತುವಾಗ" ಅಂತಾರೆ. ಅದು ಹಲ್ಲಿನ ನೋವಲ್ಲ, ಹೃದಯದ್ದು ಇರಬಹುದು. ಅಂಥವರನ್ನು ಕುರ್ಚಿಯಲ್ಲಿ ಮಲಗಿಸಿಕೊಂಡು ಕೂರದೆ ತಕ್ಷಣ ಇಸಿಜಿಗೆ ಕಳಿಸಬೇಕು. ಮೆಡಿಸಿನ್ ಕ್ಲಾಸಿಗೆ ಹೋದವರಿಗೆ ಇದೆಲ್ಲ ಹೊಳೆಯುತ್ತೆ.

ಕೇಳಿಸಿಕೊಳ್ಳುವುದನ್ನೂ ಅಭ್ಯಾಸ ಮಾಡಿಕೋ. ನಮ್ಮ ಜನ ತಮ್ಮ ನೋವನ್ನು ಬಹಳ ಸರಿಯಾಗಿ ಹೇಳುತ್ತಾರೆ, ನಾವು ಮಧ್ಯೆ ಬಾಯಿ ಹಾಕಬಾರದು ಅಷ್ಟೇ. ತಣ್ಣೀರು ಕುಡಿದರೆ ಜುಂ ಅಂದು ಕೂಡಲೇ ಹೋಗುತ್ತೆ ಅಂದರೆ ಹಲ್ಲಿನ ಜೀವ ಇನ್ನೂ ಚೆನ್ನಾಗಿದೆ. ರಾತ್ರಿ ಮಲಗಿದರೆ ಸಿಡಿಯುತ್ತೆ, ಬಿಸಿ ತಾಗಿದರೆ ತಡೆಯಲಾಗುವುದಿಲ್ಲ, ತಣ್ಣೀರು ಬಾಯಲ್ಲಿ ಇಟ್ಟುಕೊಂಡರೆ ಮಾತ್ರ ಹಾಯೆನಿಸುತ್ತೆ ಅಂದರೆ ಒಳಗಿನ ನರ ಸಾಯುವ ಹಂತಕ್ಕೆ ಬಂದಿದೆ. ಎಕ್ಸ್‌ರೇ ತೆಗೆಯುವ ಮೊದಲೇ ಅರ್ಧ ರೋಗ ಗೊತ್ತಾಯಿತು, ಅಲ್ವಾ?

ಈಗ ನಮ್ಮ ಮನೆಯ ವಿಷಯ. ಇದನ್ನು ನಿನಗೆ ಬೇರೆ ಯಾರೂ ಹೇಳುವುದಿಲ್ಲ, ನಾನೇ ಹೇಳಬೇಕು. ನಮ್ಮದು ಅಡಿಕೆ ತೋಟದ ಮನೆ. ನಿನ್ನ ಅಜ್ಜ ನನ್ನನ್ನು ಓದಿಸಿದ್ದು ಅಡಿಕೆಯ ದುಡ್ಡಿನಲ್ಲಿ, ನಿನ್ನಪ್ಪ ನಿನ್ನನ್ನು ಓದಿಸುತ್ತಿರುವುದೂ ಅದರಲ್ಲೇ. ಎಲೆ ಅಡಿಕೆ ಇಲ್ಲದೆ ನಮ್ಮಲ್ಲಿ ಒಂದು ಶುಭಕಾರ್ಯ ನಡೆಯುವುದಿಲ್ಲ. ಹೀಗಿದ್ದರೂ ಮೂರನೇ ವರ್ಷ ಬಾಯಿಯ ರೋಗಗಳ ಓರಲ್ ಪೆಥಾಲಜಿ ಪುಸ್ತಕ ತೆರೆದಾಗ ನೀನು ಓದುವುದು ಬೇರೆಯೇ. ಅಡಿಕೆಯಲ್ಲಿರುವ ಅರೆಕೋಲಿನ್ ಕೆನ್ನೆಯ ಒಳಗಿನ ಮೆತ್ತನೆಯ ಪದರವನ್ನು ನಾರಿನ ಹಾಗೆ ಬಿಗಿಯಾಗಿಸುತ್ತೆ. ಮೊದಲು ಖಾರ ತಿಂದರೆ ಉರಿ. ಆಮೇಲೆ ಒಳಕೆನ್ನೆ ಬಿಳಿಚಿಕೊಳ್ಳುತ್ತೆ. ನಿಧಾನವಾಗಿ ಬಾಯಿ ತೆರೆಯುವುದೇ ಕಷ್ಟವಾಗುತ್ತೆ. ಅದಕ್ಕೆ ಸಬ್‌ಮ್ಯೂಕಸ್ ಫೈಬ್ರೋಸಿಸ್ ಅಂತಾರೆ. ಒಮ್ಮೆ ಬಿಗಿದ ಕೆನ್ನೆ ಮೊದಲಿನಂತೆ ಆಗುವುದಿಲ್ಲ, ಕೆಲವರಲ್ಲಿ ಅದೇ ಜಾಗದಲ್ಲಿ ಕ್ಯಾನ್ಸರ್ ಹುಟ್ಟುತ್ತೆ. ತಂಬಾಕು ಸೇರದಿದ್ದರೂ ಅಡಿಕೆ ತಾನಾಗಿಯೇ ಕ್ಯಾನ್ಸರ್ ತರಬಲ್ಲದು ಅಂತ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2004ರ ವರದಿಯಲ್ಲಿ ಹೇಳಿದೆ.

ನಮ್ಮ ಕಡೆ ಇದನ್ನು ಹೇಳಿದರೆ ಜನಕ್ಕೆ ಸಿಟ್ಟು ಬರುತ್ತೆ. ನನಗೆ ಅದು ಅರ್ಥವಾಗುತ್ತೆ. ತೋಟ ಮಾಡಿದವರು ಕಷ್ಟಪಟ್ಟು ದುಡಿದವರು, ಅವರನ್ನು ಅಪರಾಧಿಗಳ ಹಾಗೆ ನೋಡುವುದು ನ್ಯಾಯವಲ್ಲ. ಆದರೆ ನನ್ನ ಕುರ್ಚಿಯಲ್ಲಿ ಕೂತ ಇಪ್ಪತ್ತರ ಹುಡುಗ ಬಾಯಿಗೆ ತನ್ನದೇ ಎರಡು ಬೆರಳು ಹಾಕಲಾಗದೆ ಒದ್ದಾಡುವಾಗ ನಾನು ತೋಟದ ಮನೆಯವಳಾಗಿ ಮಾತಾಡಲಾರೆ. ಆಗ ನಾನು ಅವನ ಡಾಕ್ಟರು. ಕರ್ನಾಟಕದಲ್ಲಿ ಗುಟ್ಕಾ ನಿಷೇಧವಾದದ್ದು 2013ರಲ್ಲಿ. ಆಮೇಲೆ ಪಾನ್ ಮಸಾಲೆ ಒಂದು ಪೊಟ್ಟಣ, ತಂಬಾಕು ಇನ್ನೊಂದು ಪೊಟ್ಟಣ ಅಂತ ಬಂತು. ಎರಡನ್ನೂ ಅಂಗೈಯಲ್ಲಿ ಬೆರೆಸಿದರೆ ಆಯಿತು. ಶಾಲೆ ಹುಡುಗರು ಸಿಹಿ ಸುಪಾರಿ ಚೀಪುತ್ತಲೇ ಈ ದಾರಿ ಹಿಡಿಯುತ್ತಾರೆ. ನೀನು ಪ್ರತಿ ರೋಗಿಗೂ ಅವರದೇ ಮೂರು ಬೆರಳನ್ನು ಒಂದರ ಮೇಲೊಂದು ಇಟ್ಟು ಬಾಯಿಗೆ ಹಾಕಲು ಹೇಳು. ಹೋಗದಿದ್ದರೆ ಅಲ್ಲಿಗೇ ನಿಲ್ಲಿಸಿ ವಿಚಾರಿಸು. ಬೈಯಬೇಡ. ಬೈಸಿಕೊಂಡವನು ಅಡಿಕೆ ಬಿಡುವುದಿಲ್ಲ, ಡಾಕ್ಟರನ್ನು ಬಿಡುತ್ತಾನೆ. ಎರಡು ವಾರ ಕಳೆದರೂ ಮಾಯದ ಹುಣ್ಣು ಬಾಯಲ್ಲಿ ಕಂಡರೆ ಮುಲಾಮು ಕೊಟ್ಟು ಕಳಿಸಬೇಡ, ಬಯಾಪ್ಸಿಗೆ ಕಳಿಸು. ಬಾಯಿ ಕ್ಯಾನ್ಸರನ್ನು ಚಿಕ್ಕದಿರುವಾಗಲೇ ಹಿಡಿಯುವ ಅವಕಾಶ ನಮ್ಮಷ್ಟು ಬೇರೆ ಯಾವ ಡಾಕ್ಟರಿಗೂ ಇಲ್ಲ. ಬಾಯಿ ತೆರೆಸಿ, ಲೈಟು ಹಾಕಿ ನೋಡುವವರು ನಾವೇ.

ಹಲ್ಲು ಕೀಳುವುದಕ್ಕೆ ಗಂಡಸಿನ ಬಲ ಬೇಕು ಅಂತ ನಿನ್ನ ಅತ್ತೆ ಹೇಳಿದ್ದಾಳಂತೆ. ಬಲದಿಂದ ಎಳೆದರೆ ಬೇರು ಮುರಿಯುತ್ತೆ. ನೆಲಕ್ಕೆ ಹೊಡೆದ ಗೂಟವನ್ನು ಅತ್ತಿತ್ತ ಆಡಿಸಿ ಸಡಿಲ ಮಾಡಿಕೊಂಡ ಮೇಲೆ ತಾನೇ ಮೇಲೆತ್ತುವುದು? ಇಲ್ಲೂ ಹಾಗೇ. ಸುತ್ತಲಿನ ಮೂಳೆ ಸ್ವಲ್ಪ ಸ್ವಲ್ಪವೇ ಹಿಗ್ಗಬೇಕು. ಅದಕ್ಕೆ ಬೇಕಿರುವುದು ತಾಳ್ಮೆ, ಸರಿಯಾದ ಹಿಡಿತ, ಸರಿಯಾದ ನಿಲುವು.

ಮೂರನೇ ವರ್ಷದಿಂದ ಕ್ಲಿನಿಕ್‌ನಲ್ಲಿ ಕೋಟಾ ಶುರು. ಇಷ್ಟು ಹಲ್ಲು ಕೀಳಬೇಕು, ಇಷ್ಟು ತುಂಬಬೇಕು, ಇಷ್ಟು ಕೃತಕ ಹಲ್ಲಿನ ಸೆಟ್ಟು ಮಾಡಬೇಕು ಅಂತ ಪಟ್ಟಿ ಇರುತ್ತೆ. ಪರೀಕ್ಷೆ ಹತ್ತಿರ ಬಂದಾಗ ಎದೆ ಡವಡವ ಅನ್ನುತ್ತೆ. ಉಳಿಸಬಹುದಾದ ಹಲ್ಲು ಕೂಡ ಕೀಳುವ ಹಲ್ಲಿನ ಹಾಗೆ ಕಾಣಲು ಶುರುವಾಗುತ್ತೆ. ಅಂಥ ಹೊತ್ತಿನಲ್ಲಿ ಗಟ್ಟಿಯಾಗಿರು. ಸಹಿ ತಡವಾದರೆ ಆಗಲಿ. ಕಿತ್ತ ಹಲ್ಲು ವಾಪಸ್ ಬರುವುದಿಲ್ಲ, ಹಲ್ಲಿನ ಮೇಲಿನ ಗಟ್ಟಿ ಪದರ ಎನಾಮಲ್ ಮತ್ತೆ ಬೆಳೆಯುವುದಿಲ್ಲ. ಹಿಂದೆ ತುಂಬಿದ್ದು ನಿಲ್ಲಬೇಕು ಅಂದರೆ ಒಳ್ಳೆಯ ಹಲ್ಲನ್ನೂ ಕೊರೆಯಬೇಕಿತ್ತು. 1955ರಲ್ಲಿ ಮೈಕಲ್ ಬುವೊನೊಕೋರ್ ಎಂಬ ಸಂಶೋಧಕ ಎನಾಮಲ್‌ಗೆ ಆಮ್ಲ ತಾಗಿಸಿದರೆ ಹಲ್ಲು ತುಂಬುವ ರೆಸಿನ್ ಅದಕ್ಕೆ ಗಟ್ಟಿಯಾಗಿ ಅಂಟುತ್ತೆ ಅಂತ ತೋರಿಸಿದ ಮೇಲೆ ಆ ಕಾಲ ಹೋಯಿತು. ಈಗ ಹುಳುಕಿದ್ದಷ್ಟನ್ನೇ ತೆಗೆದು ಉಳಿದದ್ದನ್ನು ಉಳಿಸಬಹುದು. ಡಾಕ್ಟರಾದ ಮೇಲೂ ಇದೇ ಪರೀಕ್ಷೆ ಬರುತ್ತೆ, ಕೋಟಾ ಬದಲು ಕ್ಲಿನಿಕ್ ಬಾಡಿಗೆ, ಸಾಲದ ಕಂತು ಇರುತ್ತೆ. "ನಿಮಗೆ ರೂಟ್ ಕೆನಾಲ್ ಬೇಡ, ಸಣ್ಣದಾಗಿ ತುಂಬಿದರೆ ಸಾಕು" ಅಂತ ನಾನು ಹೇಳಿ ಕಳಿಸಿದವರು ಆಮೇಲೆ ನನ್ನ ಹತ್ತಿರ ಮನೆಮಂದಿಯನ್ನೆಲ್ಲ ಕರೆತಂದಿದ್ದಾರೆ.

ಮಕ್ಕಳನ್ನು ಕರೆದುಕೊಂಡು ಬರುವ ಅಮ್ಮಂದಿರಿಗೆ ಒಂದು ಮಾತು ತಪ್ಪದೆ ಹೇಳು. ಆರನೇ ವರ್ಷದ ಹೊತ್ತಿಗೆ ಹಾಲುಹಲ್ಲುಗಳ ಹಿಂದೆ ಸದ್ದಿಲ್ಲದೆ ಒಂದು ದವಡೆ ಹಲ್ಲು ಬರುತ್ತೆ. ಆ ಜಾಗದಲ್ಲಿ ಯಾವ ಹಲ್ಲೂ ಬಿದ್ದಿರುವುದಿಲ್ಲ, ಅದಕ್ಕೇ ಅದೂ ಹಾಲುಹಲ್ಲು ಅಂದುಕೊಂಡು ಹುಳುಕಾದರೂ ಸುಮ್ಮನಿರುತ್ತಾರೆ. ಅದು ಜೀವನಪೂರ್ತಿ ಇರಬೇಕಾದ ಹಲ್ಲು. ಆಟವಾಡುವಾಗ ಮುಂದಿನ ಶಾಶ್ವತ ಹಲ್ಲು ಬೇರು ಸಮೇತ ಬಿದ್ದರೆ ಬೇರು ಮುಟ್ಟದೆ, ಹಾಲಿನಲ್ಲಿ ಹಾಕಿಕೊಂಡು ಅರ್ಧ ಗಂಟೆಯೊಳಗೆ ಓಡಿ ಬನ್ನಿ ಅಂತಲೂ ಹೇಳು. ಮೇಲಿನ ಹಲ್ಲು ಕಿತ್ತರೆ ಕಣ್ಣು ಹೋಗುತ್ತೆ, ಕ್ಲೀನ್ ಮಾಡಿಸಿದರೆ ಹಲ್ಲು ಸಡಿಲವಾಗುತ್ತೆ ಅಂತ ಹೆದರುವವರು ದಿನಾ ಬರುತ್ತಾರೆ. ನಗಬೇಡ. ಕಲ್ಲಿನಂತೆ ಕಟ್ಟಿದ ಪಾಚಿ ವಸಡನ್ನೂ ಮೂಳೆಯನ್ನೂ ಮೊದಲೇ ಕರಗಿಸಿರುತ್ತೆ, ಅದನ್ನು ತೆಗೆದಾಗ ಸಡಿಲವಾಗಿದ್ದದ್ದು ಗೊತ್ತಾಗುತ್ತೆ ಅಷ್ಟೇ. ಕನ್ನಡಿ ಹಿಡಿದು ತೋರಿಸು, ಒಪ್ಪುತ್ತಾರೆ.

ಕೊನೇ ವರ್ಷ ವಯಸ್ಸಾದವರಿಗೆ ಹಲ್ಲಿನ ಸೆಟ್ಟು ಮಾಡುತ್ತೀಯ. ಅಳತೆ ತೆಗೆಯುವುದರಿಂದ ಹಿಡಿದು ಕೊನೆಗೆ ಹಾಕಿ ಕಳಿಸುವ ತನಕ ಅವರು ನಾಲ್ಕೈದು ಸಲ ಬರಬೇಕು. ಸರ್ಕಾರದ ದಂತ ಭಾಗ್ಯ ಯೋಜನೆಯಲ್ಲಿ ಬಡ ವೃದ್ಧರಿಗೆ ಇದು ಉಚಿತ, ಆದರೆ ಊರಿಂದ ಬಸ್ಸಿನಲ್ಲಿ ಬರುವ ಶ್ರಮ ಅವರದ್ದೇ. ಹೇಳಿದ ಸಮಯಕ್ಕೆ ನೀನು ಅಲ್ಲಿರು. ಕೆಲಸ ಮುಗಿದ ದಿನ ಅವರಿಗೆ ಏನಾದರೂ ತಿನ್ನಲು ಕೊಟ್ಟು, ಪಕ್ಕದಲ್ಲಿ ಕೂತು ನೋಡು. ಎಲ್ಲಿ ಚುಚ್ಚುತ್ತೆ ಅಂತ ಅಲ್ಲೇ ಗೊತ್ತಾಗುತ್ತೆ.

ದುಡ್ಡಿನ ಬಗ್ಗೆ ಮುಚ್ಚಿಡುವುದಿಲ್ಲ. ಬಿಡಿಎಸ್ ಮುಗಿದ ಮೊದಲ ಕೆಲವು ವರ್ಷ ಸಂಪಾದನೆ ಕಡಿಮೆ. ಬೆಂಗಳೂರಿನಂಥ ಊರಿನಲ್ಲಿ ರಸ್ತೆಗೊಂದು ಕ್ಲಿನಿಕ್ ಇದೆ, ಅಲ್ಲಿ ಹೊಸಬರಿಗೆ ಕೊಡುವ ಸಂಬಳ ನೋಡಿ ಬೇಸರವಾಗುತ್ತೆ. ಸರ್ಕಾರಿ ಹುದ್ದೆಗಳು ಕಡಿಮೆ, ಕರೆದಾಗ ತಪ್ಪದೆ ಅರ್ಜಿ ಹಾಕು. ಸೇನೆಯಲ್ಲಿ 1941ರಿಂದಲೇ ದಂತ ವೈದ್ಯರ ದಳ ಇದೆ, ಅದನ್ನೂ ಯೋಚಿಸು. ಬಿಡಿಎಸ್ ಆದಮೇಲಿನ ಓದು ಎಂಡಿಎಸ್ ಮೂರು ವರ್ಷ, ಅದಕ್ಕೆ ಮತ್ತೆ ನೀಟ್. ಯಾವ ವಿಭಾಗ ಅಂತ ಈಗಲೇ ತಲೆ ಕೆಡಿಸಿಕೊಳ್ಳಬೇಡ, ಇಂಟರ್ನ್‌ಶಿಪ್‌ನಲ್ಲಿ ನಿನ್ನ ಕೈಯೇ ಹೇಳುತ್ತೆ. ವಿದೇಶಕ್ಕೆ ಹೋದರೆ ಇಲ್ಲಿನ ಪದವಿ ನೇರವಾಗಿ ನಡೆಯುವುದಿಲ್ಲ. ಇಂಗ್ಲೆಂಡಿನಲ್ಲಿ, ಆಸ್ಟ್ರೇಲಿಯಾದಲ್ಲಿ ಅವರ ಪರೀಕ್ಷೆ ಬರೆಯಬೇಕು, ಅಮೆರಿಕದಲ್ಲಿ ಬಹುತೇಕ ಎರಡು ಮೂರು ವರ್ಷ ಮತ್ತೆ ಓದಬೇಕು. ಸ್ವಂತ ಕ್ಲಿನಿಕ್ ಹಾಕುವುದಾದರೆ ಮೊದಲ ದಿನವೇ ದೊಡ್ಡ ಸಾಲ ಮಾಡಬೇಡ. ಒಂದು ಗಟ್ಟಿ ಕುರ್ಚಿ, ಒಳ್ಳೆಯ ಎಕ್ಸ್‌ರೇ, ಉಪಕರಣಗಳನ್ನು ಹಬೆಯಲ್ಲಿ ಶುದ್ಧ ಮಾಡುವ ಒಳ್ಳೆಯ ಆಟೋಕ್ಲೇವ್ ಇದ್ದರೆ ಶುರುಮಾಡಬಹುದು. ತಾಲ್ಲೂಕು ಊರುಗಳಲ್ಲಿ ನಮ್ಮ ಅಗತ್ಯ ಇನ್ನೂ ಬಹಳ ಇದೆ. ನಾನು ಸಾಗರದಲ್ಲಿ ಉಳಿದಿದ್ದಕ್ಕೆ ಒಂದು ದಿನವೂ ಬೇಸರಪಟ್ಟಿಲ್ಲ.

ಕಾಲೇಜು ಶುರುವಾಗುವ ಮೊದಲು ಹೆಪಟೈಟಿಸ್ ಬಿ ಲಸಿಕೆ ಹಾಕಿಸಿಕೊಳ್ಳಲು ಶುರುಮಾಡು. ಮೂರು ಡೋಸು, ಮೊದಲನೆಯದಾದ ಒಂದು ತಿಂಗಳಿಗೆ ಎರಡನೆಯದು, ಆರು ತಿಂಗಳಿಗೆ ಮೂರನೆಯದು. ಈಗ ಶುರುಮಾಡಿದರೆ ರೋಗಿಗಳನ್ನು ಮುಟ್ಟುವ ಹೊತ್ತಿಗೆ ಮುಗಿದಿರುತ್ತೆ. ಮೇಣ ಕೆತ್ತುವ ಲೆಕ್ರಾನ್ ಕಾರ್ವರ್ ಹೊಸದಾಗಿಯೇ ತಗೋ, ಮೊಂಡಾದ ಹಳೆಯದು ಬೇಡ. ಪುಸ್ತಕಗಳನ್ನು ಸೀನಿಯರ್‌ಗಳ ಹತ್ತಿರ ಅರ್ಧ ಬೆಲೆಗೆ ಕೇಳು.

ಡೆಂಟಲ್ ಅನಾಟಮಿಗೆ ಕಿತ್ತ ಹಲ್ಲುಗಳನ್ನು ತರಲು ಹೇಳುತ್ತಾರೆ. ಎಲ್ಲೆಲ್ಲೋ ಅಲೆಯಬೇಡ. ರೋಗಿಗಳನ್ನು ಕೇಳಿ ಇಟ್ಟುಕೊಂಡ ಹಲ್ಲುಗಳು ನನ್ನ ಕ್ಲಿನಿಕ್‌ನಲ್ಲಿ ಫಾರ್ಮಲಿನ್‌ನಲ್ಲಿವೆ. ದವಡೆ ಹಲ್ಲು ಜಾಸ್ತಿ ಇವೆ, ಮೇಲಿನ ಕೋರೆ ಹಲ್ಲು ಮಾತ್ರ ಕಡಿಮೆ. ಮುಂದಿನ ವಾರ ನಿನ್ನಪ್ಪ ಮಂಡಿಗೆ ಬಂದಾಗ ಬಿಗಿ ಮುಚ್ಚಳದ ಡಬ್ಬಿಯಲ್ಲಿ ಹಾಕಿ ಕೊಟ್ಟು ಕಳಿಸುತ್ತೇನೆ. ಗ್ಲೌಸ್ ಹಾಕಿಕೊಂಡು, ಚೆನ್ನಾಗಿ ತೊಳೆದ ಮೇಲೆಯೇ ಮುಟ್ಟು. ಹಾಸ್ಟೆಲ್ ರೂಮಿನಲ್ಲಿ ತೆರೆಯಬೇಡ, ಕಾಲೇಜಿನ ಲ್ಯಾಬ್‌ನಲ್ಲೇ ತೆರೆ.

ನಿನ್ನ ಪ್ರೀತಿಯ
ದೊಡ್ಡಮ್ಮ